ಎರಡು ಕಂಪ್ಯೂಟರ್‌ಗಳ ನಡುವೆ ಮನೆಯ ನೆಟ್‌ವರ್ಕ್: ಕೇಬಲ್‌ನಿಂದ ಫೋಲ್ಡರ್‌ವರೆಗೆ, ಸರಿಯಾದ ಕ್ರಮದಲ್ಲಿ

ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದರಲ್ಲಿರುವ ಫೋಟೊ, ಫೈಲುಗಳನ್ನು ಇನ್ನೊಂದರಲ್ಲಿ ತೆರೆಯಬೇಕು. ಈ ಕೆಲಸಕ್ಕೆ ಕೈಹಾಕಿ ಸೋತವರ ಕಥೆ ಹೆಚ್ಚುಕಡಿಮೆ ಒಂದೇ ಥರ. ಮೊದಲೇ ಹೋಗಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಶೇರ್ ಒತ್ತುತ್ತಾರೆ. ಇನ್ನೊಂದರಲ್ಲಿ ನೆಟ್‌ವರ್ಕ್ ಕಿಟಕಿ ತೆರೆದು ನೋಡಿದರೆ ಖಾಲಿ. ಆಮೇಲೆ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು) ಆಫ್, ಪಾಸ್‌ವರ್ಡ್ ಆಫ್, ಕಣ್ಣಿಗೆ ಬಿದ್ದದ್ದೆಲ್ಲ ಆಫ್. ಕೊನೆಗೆ ಏನೇನು ಬದಲಿಸಿದ್ದೆವು ಅನ್ನುವುದೇ ನೆನಪಿರುವುದಿಲ್ಲ.

ಹೀಗಾಗುವುದು ಕ್ರಮ ತಪ್ಪಿದ್ದರಿಂದ. ನೆಟ್‌ವರ್ಕನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು. ಮೊದಲು ಸಂಪರ್ಕ, ಆಮೇಲೆ ವಿಳಾಸ, ಆಮೇಲೆ ವಿಂಡೋಸ್‌ನ ಅನುಮತಿ, ಆಮೇಲೆ ಖಾತೆ. ಫೋಲ್ಡರ್ ಬರುವುದು ಎಲ್ಲಕ್ಕಿಂತ ಕೊನೆಗೆ. ಕೆಳಗೆ ಮುಖ್ಯ ಹಂತಗಳಲ್ಲಿ ಒಂದೊಂದು ಪರೀಕ್ಷೆ ಕೊಟ್ಟಿದ್ದೇನೆ. ಅದು ಪಾಸಾಗುವವರೆಗೆ ಮುಂದಿನ ಹಂತವನ್ನು ದಯವಿಟ್ಟು ಮುಟ್ಟಬೇಡಿ.

ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ. ಮ್ಯಾಕ್, ಲಿನಕ್ಸ್ ಇರುವವರಿಗೆ ಕೊನೆಯ ಕಡೆ ಒಂದೆರಡು ಮಾತಿದೆ. ಗೊಂದಲ ಆಗದಿರಲಿ ಅಂತ ಕಂಪ್ಯೂಟರ್‌ಗಳಿಗೆ ಎರಡು ಹೆಸರು ಇಟ್ಟುಕೊಳ್ಳೋಣ. ಫೋಲ್ಡರ್ ಯಾವುದರಲ್ಲಿದೆಯೋ ಅದು "ಕೊಡುವ ಕಂಪ್ಯೂಟರ್". ಅದನ್ನು ತೆರೆದು ನೋಡುವುದು "ಪಡೆಯುವ ಕಂಪ್ಯೂಟರ್". ಅರ್ಧಕ್ಕರ್ಧ ತಪ್ಪುಗಳು ಇದರಲ್ಲಿ ಮಾಡುವುದನ್ನು ಅದರಲ್ಲಿ ಮಾಡಿದ್ದರಿಂದಲೇ ಆಗಿರುತ್ತವೆ.

## ಶುರು ಮಾಡುವ ಮುಂಚೆ

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಎರಡೂ ಕಂಪ್ಯೂಟರ್ ಒಂದೇ ರೌಟರ್‌ಗೆ ಸೇರಿದ್ದರೆ ಬೇರೇನೂ ಬೇಡ. ರೌಟರ್ ಇಲ್ಲದಿದ್ದರೆ ಒಂದು ಈಥರ್ನೆಟ್ ಕೇಬಲ್ ಸಾಕು. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಕೇಬಲ್ ಮೇಲೆಯೇ ಅಚ್ಚಾಗಿರುತ್ತದೆ, ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈಥರ್ನೆಟ್ ಪೋರ್ಟ್ ಇರುವುದಿಲ್ಲ. ಅದಕ್ಕೆ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಬೇಕು. ಅದು ಯುಎಸ್‌ಬಿ 3 ಆಗಿರಲಿ, ಹಳೆಯ ಯುಎಸ್‌ಬಿ 2 ಅಡಾಪ್ಟರ್ ಗಿಗಾಬಿಟ್ ವೇಗ (ಸೆಕೆಂಡಿಗೆ 1000 ಮೆಗಾಬಿಟ್) ತಲುಪುವುದಿಲ್ಲ.

ಎರಡೂ ಕಂಪ್ಯೂಟರ್‌ಗಳ ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿರಲಿ. ಒಂದು ಚೀಟಿ, ಪೆನ್ನು ಕೂಡ ಇಟ್ಟುಕೊಳ್ಳಿ. ಕಂಪ್ಯೂಟರಿನ ಹೆಸರು, ವಿಳಾಸ, ಖಾತೆಯ ಹೆಸರು ಬರೆದುಕೊಂಡು ಹೋದರೆ ಮುಂದೆ ಬಹಳ ಸಮಯ ಉಳಿಯುತ್ತದೆ. ಪಾಸ್‌ವರ್ಡ್ ಮಾತ್ರ ಚೀಟಿಯಲ್ಲಿ ಬೇಡ.

ಇನ್ನೊಂದು ಮಾತು. ಹಳೆಯ ಸಲಹೆಗಳಲ್ಲಿ "ಹೋಮ್‌ಗ್ರೂಪ್ ಮಾಡಿ" ಎಂದು ಕಂಡರೆ ಅದನ್ನು ಅಲ್ಲಿಗೇ ಬಿಡಿ. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಲ್ಲೇ ಹೋಮ್‌ಗ್ರೂಪ್ ತೆಗೆದುಹಾಕಿದ್ದಾರೆ. ಇಲ್ಲದ ಬಟನ್ ಹುಡುಕುತ್ತಾ ಸಂಜೆ ಪೂರ್ತಿ ಕಳೆದವರಿದ್ದಾರೆ.

## ಹಂತ 1: ಸಂಪರ್ಕ

ರೌಟರ್ ಮೂಲಕವೋ, ನೇರ ಕೇಬಲ್ಲೋ, ಮೊದಲೇ ತೀರ್ಮಾನಿಸಿ. ದಿನಾ ಬಳಸುವುದಿದ್ದರೆ ರೌಟರ್ ಮೂಲಕವೇ ಒಳ್ಳೆಯದು. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಒಮ್ಮೆ ಎಲ್ಲವನ್ನೂ ಸಾಗಿಸಿದರೆ ಮುಗಿಯಿತು ಅನ್ನುವವರು ನೇರ ಕೇಬಲ್ ಹಾಕಿ.

ರೌಟರ್ ಆದರೆ ಎರಡೂ ಅದೇ ರೌಟರಿನ ಮುಖ್ಯ ನೆಟ್‌ವರ್ಕ್‌ನಲ್ಲಿರಬೇಕು. ಒಂದು ಕೇಬಲ್‌ನಲ್ಲಿ, ಇನ್ನೊಂದು ವೈಫೈನಲ್ಲಿ ಇದ್ದರೂ ಪರವಾಗಿಲ್ಲ. ಆದರೆ ಒಂದು ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೆ ಕೆಲಸ ಆಗುವುದಿಲ್ಲ. ಗೆಸ್ಟ್ ನೆಟ್‌ವರ್ಕ್ ಇರುವುದೇ ಹೊರಗಿನವರ ಸಾಧನ ಮನೆಯ ಸಾಧನಗಳನ್ನು ಮುಟ್ಟದಂತೆ ತಡೆಯಲಿಕ್ಕೆ. ಇಂಟರ್ನೆಟ್ ಎರಡರಲ್ಲೂ ಚೆನ್ನಾಗಿ ಓಡುತ್ತಿರುತ್ತದೆ, ಹಾಗಾಗಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಕೆಲವು ರೌಟರ್‌ಗಳಲ್ಲಿ ಮುಖ್ಯ ವೈಫೈಗೂ ಸಾಧನಗಳು ಒಂದನ್ನೊಂದು ಮುಟ್ಟದಂತೆ ತಡೆಯುವ ಎಪಿ ಐಸೊಲೇಷನ್ ಎಂಬ ಆಯ್ಕೆ ಇರುತ್ತದೆ. ಅದು ಆಫ್ ಇರಬೇಕು.

ನೇರ ಕೇಬಲ್ ಆದರೆ ಎರಡೂ ತುದಿಗಳನ್ನು ಸಿಕ್ಕಿಸಿ. ಹಿಂದೆಲ್ಲ ಇದಕ್ಕೆ ಕ್ರಾಸ್‌ಓವರ್ ಕೇಬಲ್ ಅಂತ ಬೇರೆಯದೇ ಬೇಕಿತ್ತು. ಗಿಗಾಬಿಟ್ ಪೋರ್ಟ್‌ಗಳು ಒಳಗಿನ ತಂತಿಗಳ ಜೋಡಣೆಯನ್ನು ತಾವೇ ಹೊಂದಿಸಿಕೊಳ್ಳುತ್ತವೆ, ಆದ್ದರಿಂದ ಈಗ ಮಾಮೂಲಿ ಕೇಬಲ್ ಸಾಕು.

ಕೇಬಲ್ ಸಿಕ್ಕಿಸುವಾಗ "ಟಕ್" ಅನ್ನುವ ಸದ್ದು ಕೇಳಬೇಕು. ಒಮ್ಮೆ ಒಂದು ಕೇಬಲ್ ನನ್ನನ್ನು ಬಹಳ ಹೊತ್ತು ಕಾಡಿತು. ಸಂಪರ್ಕ ಬರುತ್ತಿತ್ತು, ಹೋಗುತ್ತಿತ್ತು. ಸೆಟ್ಟಿಂಗ್‌ಗಳನ್ನೆಲ್ಲ ಎರಡೆರಡು ಸಲ ನೋಡಿದೆ. ಕೊನೆಗೆ ಕೇಬಲ್ ತುದಿ ಕೈಗೆ ತಗೊಂಡು ನೋಡಿದರೆ, ಪ್ಲಗ್ ಮೇಲಿನ ಆ ಚಿಕ್ಕ ಪ್ಲಾಸ್ಟಿಕ್ ನಾಲಿಗೆ ಮುರಿದುಹೋಗಿತ್ತು. ಮೇಜು ಅಲುಗಾಡಿದಾಗೆಲ್ಲ ಪ್ಲಗ್ ಕೂದಲೆಳೆಯಷ್ಟು ಹಿಂದೆ ಸರಿಯುತ್ತಿತ್ತು. ಅವತ್ತಿನಿಂದ ನಾನು ಮೊದಲು ನೋಡುವುದು ಆ ನಾಲಿಗೆಯನ್ನೇ.

ಪರೀಕ್ಷೆ: ಪೋರ್ಟ್ ಪಕ್ಕದ ದೀಪ ಹೊತ್ತಿರಬೇಕು. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ಈಥರ್ನೆಟ್ ತೆರೆದರೆ ಲಿಂಕ್ ಸ್ಪೀಡ್ ಕಾಣುತ್ತದೆ. ಗಿಗಾಬಿಟ್ ಪೋರ್ಟ್‌ಗಳಾದರೆ 1000 ಎಂದಿರಬೇಕು. 100 ಎಂದಿದ್ದರೆ ಕೇಬಲ್ ಮೇಲೆ ಅನುಮಾನಪಡಿ. ಗಿಗಾಬಿಟ್‌ಗೆ ಕೇಬಲ್ ಒಳಗಿನ 8 ತಂತಿಗಳೂ ಬೇಕು, 100ಕ್ಕೆ 4 ಸಾಕು. ಒಳಗೆ ಒಂದು ತಂತಿ ಕಡಿದಿದ್ದರೂ ವೇಗ ಹತ್ತನೇ ಒಂದು ಪಾಲಿಗೆ ಇಳಿಯಬಹುದು.

## ಹಂತ 2: ವಿಳಾಸ

ಎರಡೂ ಕಂಪ್ಯೂಟರ್‌ಗಳಲ್ಲಿ ಕಮಾಂಡ್ ಪ್ರಾಂಪ್ಟ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ತೆರೆಯಿರಿ. ಐಪಿಕಾನ್ಫಿಗ್ (ipconfig) ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಐಪಿವಿ4 ಅಡ್ರೆಸ್ ಎಂಬ ಸಾಲಿನ ಮುಂದಿರುವ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕಿನದು ಎಂದು ಹೇಳುವ ಸಂಖ್ಯೆ) ಸಾಲಿನಲ್ಲಿ ಸಾಮಾನ್ಯವಾಗಿ 255.255.255.0 ಇರುತ್ತದೆ. ಆಗ ಎರಡರ ವಿಳಾಸದಲ್ಲೂ ಮೊದಲ ಮೂರು ಭಾಗ ಒಂದೇ ಇರಬೇಕು, ಕೊನೆಯ ಭಾಗ ಬೇರೆ ಇರಬೇಕು. ಒಂದು 192.168.1.5, ಇನ್ನೊಂದು 192.168.1.8 ಆದರೆ ಸರಿ. ಒಂದು 192.168.1.5, ಇನ್ನೊಂದು 192.168.0.8 ಆದರೆ ಅವು ಬೇರೆ ಬೇರೆ ನೆಟ್‌ವರ್ಕ್‌ಗಳಲ್ಲಿವೆ. ಮನೆಯಲ್ಲಿ ಒಂದರ ಹಿಂದೆ ಒಂದು ಎರಡು ರೌಟರ್ ಹಾಕಿದವರಿಗೆ ಹೀಗಾಗುವುದು ಜಾಸ್ತಿ. ಆಗ ಎರಡೂ ಕಂಪ್ಯೂಟರನ್ನು ಒಂದೇ ರೌಟರ್‌ಗೆ ಸೇರಿಸಿ, ಇಲ್ಲವೇ ಎರಡನೇ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವಿಳಾಸ ಹಂಚದೆ ಸಂಪರ್ಕ ಮಾತ್ರ ಕೊಡುವ ರೀತಿಗೆ) ಬದಲಿಸಿ.

ವಿಳಾಸ 169.254 ಎಂದು ಶುರುವಾದರೆ ಅದು ಎಚ್ಚರಿಕೆಯ ಗಂಟೆ. ಕಂಪ್ಯೂಟರ್ ವಿಳಾಸ ಕೇಳಿತು, ಕೊಡುವವರು ಯಾರೂ ಸಿಗಲಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿತು ಅಂತ ಅರ್ಥ. ರೌಟರ್ ಇದ್ದೂ ಹೀಗೆ ಕಂಡರೆ ಹಂತ 1ಕ್ಕೆ ವಾಪಸ್ ಹೋಗಿ. ನೇರ ಕೇಬಲ್‌ನಲ್ಲಿ ಮಾತ್ರ ಇದು ಸಹಜ, ಅಲ್ಲಿ ವಿಳಾಸ ಹಂಚುವ ರೌಟರೇ ಇಲ್ಲವಲ್ಲ.

ನೇರ ಕೇಬಲ್ ಹಾಕಿದವರು ವಿಳಾಸವನ್ನು ಕೈಯಾರೆ ಕೊಡಿ:

1. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್ ತೆರೆದು, ಚೇಂಜ್ ಅಡಾಪ್ಟರ್ ಸೆಟ್ಟಿಂಗ್ಸ್ ಒತ್ತಿ.
2. ಈಥರ್ನೆಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಪಟ್ಟಿಯಲ್ಲಿ ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4 ಆರಿಸಿ, ಮತ್ತೆ ಪ್ರಾಪರ್ಟೀಸ್ ಒತ್ತಿ.
3. ಕೊಡುವ ಕಂಪ್ಯೂಟರಿಗೆ 192.168.50.1, ಪಡೆಯುವುದಕ್ಕೆ 192.168.50.2 ಕೊಡಿ. ಮಾಸ್ಕ್ ಎರಡಕ್ಕೂ 255.255.255.0.
4. ಗೇಟ್‌ವೇ ಮತ್ತು ಡಿಎನ್‌ಎಸ್ ಜಾಗಗಳನ್ನು ಖಾಲಿ ಬಿಡಿ.

ಗೇಟ್‌ವೇ ಯಾಕೆ ಖಾಲಿ ಅಂದರೆ, ಅಲ್ಲಿ ಏನಾದರೂ ತುಂಬಿದರೆ ಇಂಟರ್ನೆಟ್‌ಗೆ ಹೋಗಬೇಕಾದ ಮಾಹಿತಿಯೂ ಈ ಕೇಬಲ್ ಹಿಡಿದು ಹೋಗಲು ನೋಡುತ್ತದೆ. ವೈಫೈ ಇದ್ದೂ ಇಂಟರ್ನೆಟ್ ನಿಂತುಹೋಗಬಹುದು. ಮೂರನೇ ಭಾಗಕ್ಕೆ 50 ಆರಿಸಿದ್ದಕ್ಕೂ ಕಾರಣವಿದೆ. ಮನೆಯ ವೈಫೈ 192.168.1 ಎಂದು ಶುರುವಾಗಿದ್ದು, ಕೇಬಲ್‌ಗೂ ಅದನ್ನೇ ಕೊಟ್ಟರೆ, ಯಾವ ದಾರಿಯಲ್ಲಿ ಕಳಿಸಬೇಕು ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

## ಹಂತ 3: ವಿಂಡೋಸ್‌ಗೆ "ಇದು ನಮ್ಮ ಮನೆ" ಎಂದು ಹೇಳುವುದು

ಜಾಸ್ತಿ ಜನ ಎಡವುವ ಜಾಗ ಇದೇ. ಹೊಸ ನೆಟ್‌ವರ್ಕ್ ಕಂಡರೆ ವಿಂಡೋಸ್ ಅದನ್ನು ಪಬ್ಲಿಕ್ ಎಂದು ಗುರುತಿಸುತ್ತದೆ. ರೈಲ್ವೆ ನಿಲ್ದಾಣದ ವೈಫೈನಲ್ಲಿ ಇದ್ದೇವೆ ಅನ್ನುವ ಹಾಗೆ ಎಲ್ಲರಿಂದ ಅಡಗಿ ಕೂರುತ್ತದೆ. ವಿಂಡೋಸ್ 11ರಲ್ಲಿ ಪಬ್ಲಿಕ್ ಪಕ್ಕದಲ್ಲೇ "ಶಿಫಾರಸು" ಎಂದು ಬರೆದಿರುವುದರಿಂದ ಅದನ್ನು ಬದಲಿಸಲು ಭಯವಾಗುತ್ತದೆ. ನಿಮ್ಮದೇ ಮನೆ, ನಿಮ್ಮದೇ ರೌಟರ್ ಆದರೆ ಧೈರ್ಯವಾಗಿ ಬದಲಿಸಿ.

1. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್ ತೆರೆದು, ನೀವು ಸೇರಿರುವ ವೈಫೈ ಅಥವಾ ಈಥರ್ನೆಟ್‌ನ ಪ್ರಾಪರ್ಟೀಸ್‌ನಲ್ಲಿ ಪ್ರೈವೇಟ್ ಆರಿಸಿ. ಎರಡೂ ಕಂಪ್ಯೂಟರ್‌ಗಳಲ್ಲಿ ಮಾಡಿ.
2. ವಿಂಡೋಸ್ 11ರಲ್ಲಿ ಅದೇ ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಪುಟದ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್ ಇದೆ. ವಿಂಡೋಸ್ 10ರಲ್ಲಿ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್‌ನಿಂದ ಹೋಗಬೇಕು.
3. ಪ್ರೈವೇಟ್ ವಿಭಾಗದಲ್ಲಿ ನೆಟ್‌ವರ್ಕ್ ಡಿಸ್ಕವರಿ ಹಾಗೂ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್, ಎರಡನ್ನೂ ಆನ್ ಮಾಡಿ. ಪಬ್ಲಿಕ್ ವಿಭಾಗವನ್ನು ಮುಟ್ಟಬೇಡಿ. ನಾಳೆ ಲ್ಯಾಪ್‌ಟಾಪ್ ಹೊರಗೆ ಒಯ್ದಾಗ ನಿಮ್ಮನ್ನು ಕಾಯುವುದು ಅದೇ.

ನೇರ ಕೇಬಲ್ ಹಾಕಿದವರಿಗೆ ಒಂದು ಮಾತು. ಗೇಟ್‌ವೇ ಇಲ್ಲದ ಕಾರಣ ವಿಂಡೋಸ್ ಈ ಕೇಬಲನ್ನು ಗುರುತಿಲ್ಲದ ನೆಟ್‌ವರ್ಕ್ ಎಂದು ತೋರಿಸುತ್ತದೆ. ರೀಸ್ಟಾರ್ಟ್ ಆದಮೇಲೆ ಅದು ಮತ್ತೆ ಪಬ್ಲಿಕ್‌ಗೆ ಜಾರಿರಬಹುದು. ನಿನ್ನೆ ನಡೆದದ್ದು ಇವತ್ತು ನಡೆಯದಿದ್ದರೆ ಮೊದಲು ಅದನ್ನೇ ನೋಡಿ.

ಪರೀಕ್ಷೆ: ಪಡೆಯುವ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ (ping) ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಕೊಡುವ ಕಂಪ್ಯೂಟರಿನ ವಿಳಾಸ ಹಾಕಿ ಎಂಟರ್ ಒತ್ತಿ. ಈ ಪರೀಕ್ಷೆಯನ್ನು ಹಂತ 2ರಲ್ಲೇ ಮಾಡಿಸಲಿಲ್ಲ, ಯಾಕೆಂದರೆ ಪಬ್ಲಿಕ್‌ನಲ್ಲಿದ್ದಾಗ ವಿಂಡೋಸ್ ಪಿಂಗ್‌ಗೆ ಸಾಮಾನ್ಯವಾಗಿ ಉತ್ತರವನ್ನೇ ಕೊಡುವುದಿಲ್ಲ.

ಉತ್ತರವನ್ನು ನಿಧಾನವಾಗಿ ಓದಿ. ನಾಲ್ಕು ಸಾಲುಗಳಲ್ಲೂ ಕೊಡುವ ಕಂಪ್ಯೂಟರಿನ ವಿಳಾಸದಿಂದ ರಿಪ್ಲೈ ಬಂದು, ಪಕ್ಕದಲ್ಲಿ ಮಿಲಿಸೆಕೆಂಡ್‌ಗಳ ಲೆಕ್ಕ ಇದ್ದರೆ ಪಾಸ್. ಕೆಲವೊಮ್ಮೆ ರಿಪ್ಲೈ ಎಂದೇ ಇರುತ್ತದೆ, ಆದರೆ ವಿಳಾಸ ನಿಮ್ಮ ಸ್ವಂತ ಕಂಪ್ಯೂಟರಿನದು, ಮುಂದೆ "ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್" ಎಂದಿರುತ್ತದೆ. ಹಾಗೆ ಬಂದರೆ ಅದು ಫೇಲು. ಕೆಳಗೆ 0% ನಷ್ಟ ಅಂತ ತೋರಿಸಿದರೂ ಫೇಲೇ, ನಿಮ್ಮ ಮಾತು ಆ ಕಡೆ ಮುಟ್ಟಿಯೇ ಇಲ್ಲ. ಆಗ ಹಂತ 1 ಮತ್ತು 2 ಮತ್ತೆ ನೋಡಿ. "ರಿಕ್ವೆಸ್ಟ್ ಟೈಮ್ಡ್ ಔಟ್" ಬಂದರೆ ಸಾಮಾನ್ಯವಾಗಿ ಫೈರ್‌ವಾಲ್, ಇಲ್ಲವೇ ಪಬ್ಲಿಕ್ ಸೆಟ್ಟಿಂಗ್ ಅಡ್ಡ ಬಂದಿರುತ್ತದೆ. ವಿಪಿಎನ್ ಆನ್ ಇದ್ದರೆ ಒಮ್ಮೆ ಆಫ್ ಮಾಡಿ ನೋಡಿ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದರೊಳಗೂ ಒಂದು ಫೈರ್‌ವಾಲ್ ಇರಬಹುದು, ಅಲ್ಲೂ ಈ ನೆಟ್‌ವರ್ಕನ್ನು ಮನೆಯದು ಎಂದು ಗುರುತಿಸಬೇಕು.

ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದನ್ನು ಕೇಳಬೇಡಿ. ಆಫ್ ಮಾಡಿದವರು ಮತ್ತೆ ಆನ್ ಮಾಡಲು ಮರೆಯುತ್ತಾರೆ.

## ಹಂತ 4: ಹಂಚಿಕೆಗೊಂದು ಪ್ರತ್ಯೇಕ ಖಾತೆ

ಪಡೆಯುವ ಕಂಪ್ಯೂಟರಿನಿಂದ ಬಾಗಿಲು ತಟ್ಟಿದಾಗ ಕೊಡುವ ಕಂಪ್ಯೂಟರ್ "ಯಾರು?" ಎಂದು ಕೇಳುತ್ತದೆ. ಆಗ ಕೊಡಬೇಕಾದ್ದು ಕೊಡುವ ಕಂಪ್ಯೂಟರಿನಲ್ಲಿರುವ ಖಾತೆಯ ಹೆಸರು, ಪಾಸ್‌ವರ್ಡ್. ತಮ್ಮ ಮುಂದಿರುವ ಕಂಪ್ಯೂಟರಿನ ಪಾಸ್‌ವರ್ಡನ್ನೇ ಹತ್ತು ಸಲ ಹೊಡೆದು ಬೇಸತ್ತವರು ಎಷ್ಟೋ ಜನ.

ಇಲ್ಲಿ ಎರಡು ಅಡ್ಡಿಗಳಿವೆ. ದಿನಾ ಲಾಗಿನ್ ಆಗುವ 4 ಅಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಪಿನ್ ಆ ಒಂದು ಯಂತ್ರದ ಮುಂದೆ ಕೂತವರಿಗೆ ಮಾತ್ರ. ಇನ್ನೊಂದು, ಪಾಸ್‌ವರ್ಡೇ ಇಲ್ಲದ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಗೆ ಬರಲು ವಿಂಡೋಸ್ ಬಿಡುವುದಿಲ್ಲ.

ಎರಡನ್ನೂ ದಾಟಲು ಸುಲಭದ ದಾರಿ ಹಂಚಿಕೆಗೆಂದೇ ಒಂದು ಹೊಸ ಖಾತೆ. ಕೊಡುವ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು, ಅದರ್ ಯೂಸರ್ಸ್‌ನಲ್ಲಿ ಹೊಸ ಖಾತೆ ಸೇರಿಸಲು ಹೋಗಿ. ಇಮೇಲ್ ಕೇಳಿದಾಗ ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ನ ಬಳಿ ಇಲ್ಲ ಎನ್ನುವ ಕೊಂಡಿ ಒತ್ತಿ. ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದ ಬಳಕೆದಾರನನ್ನು ಸೇರಿಸುವ ಆಯ್ಕೆ ಸಿಗುತ್ತದೆ. ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರು, ಗಟ್ಟಿ ಪಾಸ್‌ವರ್ಡ್ ಕೊಡಿ. ಇದನ್ನು ಅಡ್ಮಿನ್ ಮಾಡಬೇಡಿ.

"ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿದರೆ ಇಷ್ಟೆಲ್ಲ ಬೇಡ ಅಲ್ವಾ?" ಎಂದು ಕೇಳುವವರಿದ್ದಾರೆ. ಹಾಗೆ ಮಾಡಬೇಡಿ. ಆಫ್ ಮಾಡಿದರೆ ಆ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ಒಳಗೆ ಬರಬಹುದು. ಅದೂ ಅಲ್ಲದೆ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊನಲ್ಲಿ ಹೆಸರಿಲ್ಲದೆ ಗೆಸ್ಟ್ ಆಗಿ ಇನ್ನೊಂದು ಕಂಪ್ಯೂಟರಿಗೆ ಹೋಗುವುದನ್ನೇ ತಡೆದಿದ್ದಾರೆ. ಖಾತೆ ಮಾಡುವ ಐದು ನಿಮಿಷ ಉಳಿಸಲು ಹೋಗಿ ಇನ್ನೊಂದು ತೊಡಕು ತಂದುಕೊಂಡ ಹಾಗಾಗುತ್ತದೆ.

## ಹಂತ 5: ಫೋಲ್ಡರ್ ಹಂಚುವುದು

ಕೊಡುವ ಕಂಪ್ಯೂಟರಿನ ಡಿ ಡ್ರೈವ್‌ನಲ್ಲೋ, ಅದಿಲ್ಲದಿದ್ದರೆ ಸಿ ಡ್ರೈವ್‌ನ ಮೊದಲ ಪುಟದಲ್ಲೋ ಒಂದು ಹೊಸ ಫೋಲ್ಡರ್ ಮಾಡಿ. ಹಂಚಬೇಕಾದ್ದನ್ನು ಅದರೊಳಗೆ ಹಾಕಿ. ಡೆಸ್ಕ್‌ಟಾಪ್ ಮೇಲಿನ ಫೋಲ್ಡರನ್ನೇ ಹಂಚಿದರೆ ಅದಕ್ಕೆ ಹೋಗುವ ದಾರಿ ಯೂಸರ್ಸ್ ಫೋಲ್ಡರಿನಿಂದ ಶುರುವಾಗುತ್ತದೆ, ಗೋಜಲಾಗುತ್ತದೆ. ಪೂರ್ತಿ ಸಿ ಡ್ರೈವ್ ಹಂಚುವುದಂತೂ ಬೇಡವೇ ಬೇಡ.

1. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್.
2. ಅಲ್ಲಿನ ಶೇರ್ ಬಟನ್ ಒತ್ತಿ. ಪಟ್ಟಿಯಿಂದ ಹಂತ 4ರ ಖಾತೆ ಆರಿಸಿ ಆಡ್ ಮಾಡಿ.
3. ಬರೀ ನೋಡಲು ಸಾಕಾದರೆ ರೀಡ್, ಬದಲಿಸಲೂ ಬೇಕಾದರೆ ರೀಡ್ ರೈಟ್ ಕೊಡಿ.
4. ಕೆಳಗಿನ ಶೇರ್ ಒತ್ತಿ. ಬರುವ ದಾರಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಅದೇ ಟ್ಯಾಬ್‌ನಲ್ಲಿ ಅಡ್ವಾನ್ಸ್ಡ್ ಶೇರಿಂಗ್ ಎಂಬ ಇನ್ನೊಂದು ಬಟನ್ ಇದೆ. ಅನೇಕರು ಅದೇ ಉತ್ತಮ ಅಂದುಕೊಂಡು ಅಲ್ಲಿಗೆ ಹೋಗುತ್ತಾರೆ. ಫೋಲ್ಡರಿಗೆ ಅನುಮತಿ ಎರಡು ಕಡೆ ಇರುತ್ತದೆ. ಒಂದು ಶೇರಿಂಗ್‌ನಲ್ಲಿ, ಇನ್ನೊಂದು ಸೆಕ್ಯೂರಿಟಿ ಟ್ಯಾಬ್‌ನಲ್ಲಿ. ಹೊರಗಿನ ಗೇಟು, ಒಳಗಿನ ಕೋಣೆಯ ಬಾಗಿಲು ಇದ್ದ ಹಾಗೆ, ಎರಡೂ ತೆರೆದಿರಬೇಕು. ಮಾಮೂಲಿ ಶೇರ್ ಬಟನ್ ಎರಡನ್ನೂ ಹೊಂದಿಸುತ್ತದೆ, ಅಡ್ವಾನ್ಸ್ಡ್ ಬಟನ್ ಗೇಟನ್ನು ಮಾತ್ರ. "ಫೋಲ್ಡರ್ ಕಾಣುತ್ತೆ, ಆದರೆ ತೆರೆಯಲ್ಲ" ಎನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

## ಹಂತ 6: ಇನ್ನೊಂದು ಕಡೆಯಿಂದ ತೆರೆಯುವುದು

ಪಡೆಯುವ ಕಂಪ್ಯೂಟರಿನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆಯಿರಿ. ಎಡಗಡೆಯ ನೆಟ್‌ವರ್ಕ್ ಚಿಹ್ನೆಯನ್ನು ನಂಬಿಕೊಂಡು ಕೂರಬೇಡಿ. ಎಲ್ಲ ಸರಿ ಇದ್ದರೂ ಅದು ಎಷ್ಟೋ ಸಲ ಖಾಲಿ ಇರುತ್ತದೆ. ಮೇಲಿನ ವಿಳಾಸ ಪಟ್ಟಿಯಲ್ಲಿ \\192.168.1.5 ಎನ್ನುವ ಹಾಗೆ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಕೊಡುವ ಕಂಪ್ಯೂಟರಿನ ವಿಳಾಸ ಟೈಪ್ ಮಾಡಿ. ಗೆರೆ ಯಾವ ಕಡೆ ವಾಲಿದೆ ನೋಡಿಕೊಳ್ಳಿ. ವೆಬ್ ವಿಳಾಸದಲ್ಲಿ ಬರುವ ಗೆರೆ ಅಲ್ಲ ಇದು.

ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಹೆಸರಿನ ಜಾಗದಲ್ಲಿ ಕೊಡುವ ಕಂಪ್ಯೂಟರಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಖಾತೆಯ ಹೆಸರು ಹಾಕಿ. ಯಾವ ಕಂಪ್ಯೂಟರಿನ ಖಾತೆ ಎಂಬ ಅನುಮಾನಕ್ಕೆ ಆಗ ಜಾಗವೇ ಇರುವುದಿಲ್ಲ.

ಪರೀಕ್ಷೆ: ಒಳಗೆ ಹೋಗಿ ಒಂದು ಫೈಲ್ ತೆರೆಯಿರಿ. ರೀಡ್ ರೈಟ್ ಕೊಟ್ಟಿದ್ದರೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ, ಅಳಿಸಿ. ಅಳಿಸುವಾಗ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ನೆಟ್‌ವರ್ಕ್ ಫೋಲ್ಡರಿನಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಹೋಗಿಯೇಬಿಡುತ್ತದೆ. ಮನೆಯ ಹಳೆಯ ಫೋಟೊಗಳನ್ನು ಹಂಚುವವರು ಮೊದಲು ರೀಡ್ ಮಾತ್ರ ಕೊಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ದಿನಾ ಬೇಕಾದರೆ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಬಳಸಿ ಆ ಫೋಲ್ಡರಿಗೆ ಡ್ರೈವ್‌ನ ಹಾಗೆ ಒಂದು ಅಕ್ಷರ ಕೊಟ್ಟುಕೊಳ್ಳಿ. ಅದಕ್ಕೂ ಮುಂಚೆ ರೌಟರಿನ ಪುಟದಲ್ಲಿ ಕೊಡುವ ಕಂಪ್ಯೂಟರಿಗೆ ವಿಳಾಸ ಕಾಯ್ದಿರಿಸಿ. ಇಲ್ಲದಿದ್ದರೆ ಒಂದು ದಿನ ವಿಳಾಸದ ಕೊನೆಯಲ್ಲಿ 5 ಇದ್ದದ್ದು 9 ಆಗಿ ಡ್ರೈವ್ ಮೇಲೆ ಕೆಂಪು ಗುರುತು ಬೀಳುತ್ತದೆ.

## ಕೈಕೊಟ್ಟಾಗ ಎಲ್ಲಿ ನೋಡಬೇಕು

80070035 ಎಂದು ಕೊನೆಯಾಗುವ ಎರರ್ ಬಂದರೆ ದಾರಿಯೇ ಸಿಕ್ಕಿಲ್ಲ ಎಂದರ್ಥ. ಕೊಡುವ ಕಂಪ್ಯೂಟರ್ ನಿದ್ದೆ ಹೋಗಿದೆಯಾ ಮೊದಲು ನೋಡಿ. ಪರದೆ ಆರಿದ್ದರೆ ಪರವಾಗಿಲ್ಲ, ಸ್ಲೀಪ್‌ಗೆ ಹೋಗಬಾರದು. ಎದ್ದೇ ಇದ್ದರೆ ಹಂತ 3ರ ಪಿಂಗ್ ಮತ್ತೆ ಮಾಡಿ.

ವಿಳಾಸ ಹಾಕಿದರೆ ತೆರೆಯುತ್ತದೆ, ಕಂಪ್ಯೂಟರಿನ ಹೆಸರು ಹಾಕಿದರೆ ಇಲ್ಲ ಅಂದರೆ ತೊಂದರೆ ಹೆಸರಿನದು. ಎರಡಕ್ಕೂ ಒಂದೇ ಹೆಸರಿದೆಯಾ ನೋಡಿ. ಹೆಸರು 15 ಅಕ್ಷರದೊಳಗಿರಲಿ. ಬದಲಿಸಿದ ಮೇಲೆ ರೀಸ್ಟಾರ್ಟ್ ಮಾಡಿ.

ಪಾಸ್‌ವರ್ಡ್ ಸರಿ ಇದ್ದೂ ಒಳಗೆ ಬಿಡುತ್ತಿಲ್ಲ, ಅಥವಾ ಕೇಳದೆಯೇ ನಿರಾಕರಿಸುತ್ತಿದೆ ಅಂದರೆ ಪಡೆಯುವ ಕಂಪ್ಯೂಟರಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆಯಿರಿ. ಹಿಂದೆಂದೋ ತಪ್ಪಾಗಿ ಉಳಿಸಿದ ಪಾಸ್‌ವರ್ಡ್ ಅಲ್ಲಿ ಕೂತಿರುತ್ತದೆ. ಅದನ್ನು ತೆಗೆದು, ಲಾಗ್ ಔಟ್ ಆಗಿ ಮತ್ತೆ ಬನ್ನಿ.

ತುಂಬಾ ನಿಧಾನ ಅನಿಸಿದರೆ ಲೆಕ್ಕ ಹಾಕಿ. ಲಿಂಕ್ ಸ್ಪೀಡ್ ಬಿಟ್‌ಗಳಲ್ಲಿರುತ್ತದೆ, ಫೈಲು ಬೈಟ್‌ಗಳಲ್ಲಿ. 8 ಬಿಟ್‌ಗೆ ಒಂದು ಬೈಟ್. 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 11 ಮೆಗಾಬೈಟ್, ಗಿಗಾಬಿಟ್‌ನಲ್ಲಿ ಸುಮಾರು 110. 100 ಜಿಬಿ ಸಾಗಿಸಲು ಮೊದಲನೆಯದಕ್ಕೆ ಎರಡೂವರೆ ಗಂಟೆ, ಎರಡನೆಯದಕ್ಕೆ ಕಾಲು ಗಂಟೆ. ಎರಡೂ ವೈಫೈನಲ್ಲಿದ್ದರೆ ಪ್ರತಿ ಫೈಲು ಗಾಳಿಯಲ್ಲಿ ಎರಡು ಸಲ ಹೋಗುತ್ತದೆ, ಒಮ್ಮೆ ರೌಟರಿಗೆ, ಇನ್ನೊಮ್ಮೆ ರೌಟರಿನಿಂದ. ಒಂದನ್ನಾದರೂ ಕೇಬಲ್‌ಗೆ ಹಾಕಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹುಡುಕಿದಾಗ ಎಸ್‌ಎಂಬಿ 1 (ಕಂಪ್ಯೂಟರ್‌ಗಳ ನಡುವೆ ಫೈಲ್ ಹಂಚುವ ಹಳೆಯ ವಿಧಾನ) ಆನ್ ಮಾಡಿ ಎಂಬ ಸಲಹೆಯೂ ಸಿಗುತ್ತದೆ. ಮಾಡಬೇಡಿ. ಮೇ 2017ರಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ಹರಡಿದ್ದು ಆ ಹಳೆಯ ಎಸ್‌ಎಂಬಿ 1ರ ತೂತಿನಿಂದಲೇ. ಎರಡು ಹೊಸ ವಿಂಡೋಸ್‌ಗಳ ನಡುವೆ ಅದು ಬೇಕಾಗುವುದೇ ಇಲ್ಲ.

## ಮ್ಯಾಕ್ ಅಥವಾ ಲಿನಕ್ಸ್ ಇದ್ದರೆ

ಹಂತ 1, 2 ಹಾಗೇ ಇರುತ್ತವೆ. ಮ್ಯಾಕ್ ಕೊಡುವ ಕಡೆ ಇದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಜನರಲ್, ಶೇರಿಂಗ್‌ನಲ್ಲಿ ಫೈಲ್ ಶೇರಿಂಗ್ ಆನ್ ಮಾಡಿ. ಅದರ ಆಪ್ಷನ್ಸ್ ಒಳಗೆ ವಿಂಡೋಸ್ ಫೈಲ್ ಶೇರಿಂಗ್ ಕೆಳಗಿರುವ ಖಾತೆಗೂ ಟಿಕ್ ಹಾಕಬೇಕು, ಇದನ್ನು ಮರೆಯುವವರೇ ಜಾಸ್ತಿ. ಲಿನಕ್ಸ್‌ನಲ್ಲಿ ಸಾಂಬಾ (ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳಲು ನೆರವಾಗುವ ತಂತ್ರಾಂಶ) ಬೇಕು. ಸಾಂಬಾದ ಪಾಸ್‌ವರ್ಡ್ ಬೇರೆ, ಲಾಗಿನ್ ಪಾಸ್‌ವರ್ಡ್ ಬೇರೆ, ಅದನ್ನು ಪ್ರತ್ಯೇಕವಾಗಿ ಕೊಡಬೇಕು.

## ಹಂತ 7: ಕೆಲಸ ಮುಗಿದ ಮೇಲೆ

ಒಮ್ಮೆ ಸಾಗಿಸಲಿಕ್ಕೆಂದು ಮಾಡಿದ್ದರೆ ಎಲ್ಲವನ್ನೂ ಹಾಗೇ ಬಿಟ್ಟು ಏಳಬೇಡಿ. ಫೋಲ್ಡರಿನ ಹಂಚಿಕೆ ನಿಲ್ಲಿಸಿ, ಹಂಚಿಕೆಯ ಖಾತೆ ಅಳಿಸಿ. ನೇರ ಕೇಬಲ್‌ಗೆ ಕೈಯಾರೆ ಕೊಟ್ಟ ವಿಳಾಸವನ್ನು ಮತ್ತೆ ಆಟೊಮ್ಯಾಟಿಕ್‌ಗೆ ತನ್ನಿ. ಇಲ್ಲದಿದ್ದರೆ ಮುಂದೊಂದು ದಿನ ಅದೇ ಪೋರ್ಟ್‌ಗೆ ರೌಟರಿನ ಕೇಬಲ್ ಹಾಕಿದಾಗ ಇಂಟರ್ನೆಟ್ ಬರುವುದಿಲ್ಲ.

ಇನ್ನೂ ಏನೇನು ಹಂಚಿದ್ದೀರಿ ಎಂದು ನೋಡಲು ಕೊಡುವ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಶೇರ್ (net share) ಎಂದು ಇಂಗ್ಲಿಷ್‌ನಲ್ಲಿ, ಎರಡು ಪದವಾಗಿ ಟೈಪ್ ಮಾಡಿ. ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಇರುವ ಸಿ, ಅಡ್ಮಿನ್, ಐಪಿಸಿ ಮುಂತಾದವು ವಿಂಡೋಸ್ ತನಗಾಗಿ ಇಟ್ಟುಕೊಂಡವು, ಅವು ಇರಲಿ. ಉಳಿದ ಹೆಸರುಗಳಲ್ಲಿ ನಿಮಗೆ ನೆನಪಿಲ್ಲದ್ದು ಯಾವುದಾದರೂ ಕಂಡರೆ, ಅದರ ಮುಂದೆ ಬರೆದಿರುವ ಫೋಲ್ಡರಿಗೆ ಹೋಗಿ ಹಂಚಿಕೆ ತೆಗೆಯಿರಿ.